ಅಳತೆ ಮರೆಸುವ ಬೆಟ್ಟಗಳು: ಧ್ರುವಪ್ರದೇಶದಲ್ಲಿ ಪರ್ವತಗಳ ಛಾಯಾಗ್ರಹಣ

ಪರದೆಯ ಮೇಲಿರುವ ಈ ಮೊದಲ ಚಿತ್ರದಲ್ಲಿ ಮೂರು ಬೆಟ್ಟಗಳಿವೆ. ಮೂರೂ ಗೋಪುರದಂತೆ ಮೇಲೆ ಮೇಲೆ ಕಿರಿದಾಗುತ್ತ, ಮೈಮೇಲೆ ಅಡ್ಡ ಪದರಗಳ ಗೆರೆಗಳನ್ನು ಹೊತ್ತು, ಹಿಮನದಿಯ ಬಿಳಿ ಬಯಲಿನಿಂದ ನೇರವಾಗಿ ಎದ್ದು ನಿಂತಿವೆ. ಇವು ಎಷ್ಟು ದೂರದಲ್ಲಿವೆ, ಎಷ್ಟು ಎತ್ತರವಾಗಿವೆ ಎಂಬುದನ್ನು ತಾವೆಲ್ಲರೂ ಒಂದು ಕ್ಷಣ ಮನಸ್ಸಿನಲ್ಲೇ ಅಂದಾಜು ಮಾಡಬೇಕೆಂದು ಕೋರುತ್ತೇನೆ. ನಾನು ಈ ಚಿತ್ರವನ್ನು ತೋರಿಸಿದ ಕಡೆಗಳಲ್ಲೆಲ್ಲ ಉತ್ತರಗಳು ಒಂದಕ್ಕೊಂದು ಹೊಂದಿದ್ದೇ ಇಲ್ಲ. ಕೆಲವರು ಅರ್ಧ ದಿನದ ನಡಿಗೆ ಎನ್ನುತ್ತಾರೆ, ಕೆಲವರು ಹಿಮಾಲಯದ ಎತ್ತರವನ್ನೇ ಹೇಳುತ್ತಾರೆ. ಇವು ನಾರ್ವೆಗೆ ಸೇರಿದ ಸ್ವಾಲ್ಬಾರ್ಡ್ ದ್ವೀಪಸಮೂಹದ ‘ತ್ರೆ ಕ್ರೂನರ್’, ಅಂದರೆ ಮೂರು ಕಿರೀಟಗಳು. ಸ್ವೀಡನ್, ನಾರ್ವೆ, ಡೆನ್ಮಾರ್ಕ್ ದೇಶಗಳ ನೆನಪಿಗಾಗಿ ಅವುಗಳಿಗೆ ಸ್ವೆಯಾ, ನೂರಾ, ದಾನಾ ಎಂದು ಹೆಸರಿಟ್ಟಿದ್ದಾರೆ. ಚಿತ್ರ ತೆಗೆದ ದಡದಿಂದ ಅವು ಹತ್ತಾರು ಕಿಲೋಮೀಟರ್ ಆಚೆಗಿವೆ. ಎತ್ತರ ಸಮುದ್ರಮಟ್ಟದಿಂದ ಸುಮಾರು 1,200 ಮೀಟರ್, ಅಂದರೆ ನಮ್ಮ ನಂದಿಬೆಟ್ಟಕ್ಕಿಂತಲೂ ಕಡಿಮೆ.

ಧ್ರುವಪ್ರದೇಶದ ಬೆಟ್ಟವು ನೋಡುವವನ ಕಣ್ಣಿನ ಅಳತೆಯನ್ನು ಮರೆಸಿಬಿಡುತ್ತದೆ. ಮರೆತ ಆ ಅಳತೆಯನ್ನು ಚಿತ್ರದೊಳಕ್ಕೆ ಮರಳಿ ತರುವುದೇ ಅಲ್ಲಿ ಛಾಯಾಗ್ರಾಹಕನ ಮೊದಲ ಕೆಲಸ ಎಂಬುದು ನನ್ನ ನಂಬಿಕೆ. ಈ ಸಂಜೆ ನಾನು ಹೇಳಬೇಕೆಂದಿರುವುದೆಲ್ಲ ಆ ನಂಬಿಕೆಯ ಸುತ್ತಲೇ ಇದೆ.

ಕಣ್ಣು ದೂರವನ್ನು ಅಳೆಯುವುದು ಹೇಗೆ ಎಂಬುದನ್ನು ಮಲೆನಾಡಿನವರಿಗೆ ಹೆಚ್ಚು ವಿವರಿಸಬೇಕಾಗಿಲ್ಲ. ಕುದುರೆಮುಖದ ಕಡೆ ಬೆಳಗಿನ ಹೊತ್ತು ನಿಂತು ನೋಡಿದರೆ ಹತ್ತಿರದ ಗುಡ್ಡ ದಟ್ಟ ಹಸಿರು, ಅದರ ಹಿಂದಿನದು ಮಂಕು ಹಸಿರು, ಇನ್ನೂ ಹಿಂದಿನದು ನೀಲಿ, ಕೊನೆಯದು ಆಕಾಶದಲ್ಲೇ ಕರಗಿಹೋದಂತಿರುತ್ತದೆ. ಗಾಳಿಯಲ್ಲಿರುವ ತೇವ ಮತ್ತು ಧೂಳು ದೂರಕ್ಕೆ ತಕ್ಕಷ್ಟು ತೆರೆಗಳನ್ನು ಇಳಿಬಿಡುತ್ತವೆ. ಆ ತೆರೆಗಳನ್ನು ಎಣಿಸಿ ನಾವು ದೂರವನ್ನು ತಿಳಿಯುತ್ತೇವೆ. ಅದರ ಜೊತೆಗೆ ಮರ, ಮನೆ, ತಂತಿಕಂಬ, ಮೇಯುವ ದನ ಇವೆಲ್ಲ ನಮಗೆ ಮೊದಲೇ ಗೊತ್ತಿರುವ ಅಳತೆಗೋಲುಗಳು. ಧ್ರುವದ ಒಣ, ಶುದ್ಧ, ತಣ್ಣನೆಯ ಗಾಳಿಯಲ್ಲಿ ಆ ತೆರೆಗಳಿಲ್ಲ, ನೆಲದ ಮೇಲೆ ಮರಗಳೂ ಇಲ್ಲ. ಬಹಳ ದೂರದ ಬಂಡೆಯ ಬಿರುಕು ಕೂಡ ಕೈಚಾಚಿದರೆ ಸಿಗುವಂತೆ ಸ್ಪಷ್ಟವಾಗಿ ಕಾಣುತ್ತದೆ. ಹೀಗಾಗಿ ಅಲ್ಲಿಗೆ ಹೊಸದಾಗಿ ಹೋದವರು ಒಂದು ಗಂಟೆಯ ದಾರಿ ಎಂದುಕೊಂಡು ಹೊರಟು, ಮೂರು ಗಂಟೆ ನಡೆದ ಮೇಲೂ ಬೆಟ್ಟ ಇದ್ದಲ್ಲಿಯೇ ಇರುವುದನ್ನು ಕಂಡು ದಿಗಿಲುಗೊಳ್ಳುತ್ತಾರೆ.

ಕಣ್ಣಿನ ಈ ಸೋಲು ಒಂದೆರಡು ಸಲ ಭೂಪಟವನ್ನೇ ಕೆಡಿಸಿದೆ. 1818ರ ಆಗಸ್ಟ್ ಕೊನೆಯಲ್ಲಿ ಬ್ರಿಟಿಷ್ ನೌಕಾಧಿಕಾರಿ ಜಾನ್ ರಾಸ್ ಕೆನಡಾದ ಉತ್ತರದಲ್ಲಿರುವ ಲ್ಯಾಂಕಾಸ್ಟರ್ ಸೌಂಡ್ ಎಂಬ ಜಲಮಾರ್ಗವನ್ನು ಹೊಕ್ಕಾಗ, ಮುಂದಿನ ದಾರಿಗೆ ಅಡ್ಡವಾಗಿ ಒಂದು ಪರ್ವತಸಾಲು ಕಂಡಿತು. ಅವನು ಅದಕ್ಕೆ ನೌಕಾ ಇಲಾಖೆಯ ಕಾರ್ಯದರ್ಶಿಯ ಹೆಸರಿನಲ್ಲಿ ಕ್ರೋಕರ್ ಪರ್ವತಗಳೆಂದು ಹೆಸರಿಟ್ಟು ಹಡಗುಗಳನ್ನು ಹಿಂದಿರುಗಿಸಿದ. ಮರುವರ್ಷ ವಿಲಿಯಂ ಎಡ್ವರ್ಡ್ ಪ್ಯಾರಿ ಅದೇ ಜಲಮಾರ್ಗದಲ್ಲಿ, ಆ ಪರ್ವತಗಳು ಇರಬೇಕಾಗಿದ್ದ ಜಾಗದ ಮೂಲಕವೇ ಹಡಗು ನಡೆಸಿಕೊಂಡು ಪಶ್ಚಿಮಕ್ಕೆ ಹೋದ. ಅಲ್ಲಿ ನೀರಲ್ಲದೆ ಬೇರೇನೂ ಇರಲಿಲ್ಲ.

ಎರಡನೆಯ ಕಥೆ ಇನ್ನೂ ವಿಸ್ತಾರವಾದದ್ದು. 1906ರಲ್ಲಿ ಉತ್ತರ ಕೆನಡಾದ ಅಂಚಿನಿಂದ ವಾಯವ್ಯ ದಿಕ್ಕಿನಲ್ಲಿ ಹಿಮ ಹೊದ್ದ ನಾಡೊಂದು ಕಂಡಿತೆಂದು ರಾಬರ್ಟ್ ಪಿಯರಿ ಬರೆದು, ತನಗೆ ಹಣ ಒದಗಿಸಿದ ಜಾರ್ಜ್ ಕ್ರಾಕರ್ ಹೆಸರನ್ನು ಅದಕ್ಕಿಟ್ಟ. 1914ರ ಏಪ್ರಿಲ್‌ನಲ್ಲಿ ಡೊನಾಲ್ಡ್ ಮ್ಯಾಕ್‌ಮಿಲನ್ ಅದನ್ನು ಹುಡುಕಿಕೊಂಡು ಕಡಲ ಮಂಜುಗಡ್ಡೆಯ ಮೇಲೆ ನಾಯಿಗಾಡಿಗಳಲ್ಲಿ ಹೊರಟಾಗ, ಅವನಿಗೂ ಬೆಟ್ಟ, ಕಣಿವೆ, ಹಿಮಶಿಖರಗಳು ದಿಗಂತದ ಮೂರನೆಯ ಒಂದು ಭಾಗದಷ್ಟು ಅಗಲಕ್ಕೆ ಕಂಡವು. ಜೊತೆಯಲ್ಲಿದ್ದ ಗ್ರೀನ್‌ಲ್ಯಾಂಡಿನ ಇನ್ಯೂಯಿಟ್ ಬೇಟೆಗಾರ ಪಿಯುಗಾತ್ತೋಕ್ ಮಾತ್ರ ಅದು ನೆಲವಲ್ಲ, ಬರಿಯ ಮಂಜು ಎಂದು ಹೇಳಿದ್ದ. ಸೂರ್ಯ ಸರಿದಂತೆ ಆ ಶಿಖರಗಳೂ ರೂಪ ಬದಲಿಸುತ್ತ ಬಂದು ಕೊನೆಗೆ ಇಲ್ಲವಾದವು. ತಣ್ಣನೆಯ ಗಾಳಿ ಕೆಳಗೆ, ಬೆಚ್ಚನೆಯ ಗಾಳಿ ಮೇಲೆ ಪದರವಾಗಿ ನಿಂತಾಗ ಬೆಳಕಿನ ಕಿರಣ ಕೆಳಮುಖವಾಗಿ ಬಾಗುತ್ತದೆ. ಆಗ ದಿಗಂತದಾಚೆಯ ಮಂಜುಗಡ್ಡೆಯ ಅಂಚು ಎತ್ತರಕ್ಕೆ ಹಿಗ್ಗಿ, ಗೋಡೆಯಂತೆ, ಶಿಖರಗಳಂತೆ ಕಾಣುತ್ತದೆ. ಇದಕ್ಕೆ ಫಾಟಾ ಮೊರ್ಗಾನಾ ಎಂಬ ಹೆಸರಿದೆ. ಮರೀಚಿಕೆಯು ಮನಸ್ಸಿನ ಭ್ರಮೆಯಲ್ಲ. ಬೆಳಕು ನಿಜವಾಗಿಯೂ ಬಾಗಿ ಕಣ್ಣಿಗೆ ಬಂದಿರುತ್ತದೆ. ಆದ್ದರಿಂದ ಕ್ಯಾಮೆರಾ ಕೂಡ ಅದನ್ನು ಕಣ್ಣಿನಷ್ಟೇ ನಿಷ್ಠೆಯಿಂದ ದಾಖಲಿಸುತ್ತದೆ. ಇಲ್ಲದ ಬೆಟ್ಟದ ಚಿತ್ರವನ್ನು ಪ್ರಾಮಾಣಿಕವಾಗಿಯೇ ತೆಗೆಯಬಹುದು ಎಂಬ ಈ ಸಂಗತಿಯನ್ನು ನಾನು ಎಂದೂ ಮರೆಯದಂತೆ ಇಟ್ಟುಕೊಂಡಿದ್ದೇನೆ.

ಇನ್ನು ಬೆಳಕಿನ ಮಾತು. ನಮ್ಮ ಊರುಗಳಲ್ಲಿ ಸೂರ್ಯ ಹೆಚ್ಚುಕಡಿಮೆ ನೇರವಾಗಿ ಮೇಲೇರಿ ನೇರವಾಗಿ ಇಳಿಯುತ್ತಾನೆ. ಬೆಟ್ಟಕ್ಕೆ ಒಪ್ಪುವ ಓರೆ ಬಿಸಿಲು ಬೆಳಿಗ್ಗೆ ಒಂದಿಷ್ಟು ಹೊತ್ತು, ಸಂಜೆ ಒಂದಿಷ್ಟು ಹೊತ್ತು ಸಿಕ್ಕರೆ ಅದೇ ಹೆಚ್ಚು. ಉತ್ತರ ಅಕ್ಷಾಂಶ 79 ಡಿಗ್ರಿಯ ಆಸುಪಾಸಿನಲ್ಲಿ ಜೂನ್ ತಿಂಗಳ ಸೂರ್ಯ ಮುಳುಗುವುದೇ ಇಲ್ಲ. ನಡುಹಗಲಲ್ಲಿ ದಿಗಂತದಿಂದ ಸುಮಾರು 34 ಡಿಗ್ರಿ, ನಡುರಾತ್ರಿಯಲ್ಲಿ ಸುಮಾರು 12 ಡಿಗ್ರಿ ಎತ್ತರದಲ್ಲಿದ್ದುಕೊಂಡು, ದೇವಸ್ಥಾನಕ್ಕೆ ಪ್ರದಕ್ಷಿಣೆ ಬರುವಂತೆ ಬೆಟ್ಟಗಳನ್ನು ಸುತ್ತುತ್ತಾನೆ. ಇಪ್ಪತ್ತನಾಲ್ಕು ಗಂಟೆಗಳಲ್ಲಿ ಬೆಟ್ಟದ ಪ್ರತಿ ಮುಖಕ್ಕೂ ಬಿಸಿಲಿನ ಸರದಿ ಬರುತ್ತದೆ, ಬಡಗಣ ಮುಖಕ್ಕೆ ಬರುವುದು ನಡುರಾತ್ರಿಯಲ್ಲಿ. ನಾನು ಅಲ್ಲಿ ತೆಗೆದ ಒಳ್ಳೆಯ ಚಿತ್ರಗಳೆಲ್ಲ ರಾತ್ರಿ ಹನ್ನೊಂದರಿಂದ ಬೆಳಗಿನ ಮೂರರ ನಡುವಿನವು. ಒಂದೇ ಜಾಗದಲ್ಲಿ ಕುಳಿತು, ಒಂದೇ ಬೆಟ್ಟವನ್ನು ಗಂಟೆಗೊಂದರಂತೆ ಚಿತ್ರಿಸಿದಾಗ, ಹಗಲಿನಲ್ಲಿ ಚಪ್ಪಟೆ ಹಲಗೆಯಂತಿದ್ದ ಇಳಿಜಾರಿನಿಂದ ಏಣುಗಳೂ ಕೊರಕಲುಗಳೂ ಒಂದೊಂದಾಗಿ ಹೊರಬರುವುದನ್ನು ಕಾಣಬಹುದು.

ಆ ನೆರಳಿನಲ್ಲೇ ಅಳತೆಯೂ ಅಡಗಿದೆ. ಸೂರ್ಯ 12 ಡಿಗ್ರಿ ಎತ್ತರದಲ್ಲಿರುವಾಗ ಸಮತಟ್ಟಾದ ನೆಲದ ಮೇಲೆ ಬೀಳುವ ನೆರಳು ವಸ್ತುವಿನ ಎತ್ತರದ ಸುಮಾರು 4.7 ಪಟ್ಟು ಉದ್ದವಾಗಿರುತ್ತದೆ. 1,200 ಮೀಟರ್ ಬೆಟ್ಟದ ನೆರಳು ಐದು ಕಿಲೋಮೀಟರಿಗೂ ಆಚೆ ಚಾಚುತ್ತದೆ. ಚಿತ್ರ ತೆಗೆದ ಜಾಗ, ದಿನ, ಗಂಟೆ ತಿಳಿದಿದ್ದರೆ ಸೂರ್ಯನ ಎತ್ತರವನ್ನು ಲೆಕ್ಕ ಹಾಕಬಹುದು. ಮೇಲಿನಿಂದ ತೆಗೆದ ಚಿತ್ರದಲ್ಲಿ ನೆರಳಿನ ಉದ್ದ ಸಿಕ್ಕರೆ ಅದನ್ನು ಎಸೆದ ಶಿಖರದ ಎತ್ತರವೂ ಸಿಗುತ್ತದೆ. ಗಂಟೆಯನ್ನು ಬರೆದಿಡದ ಚಿತ್ರದಲ್ಲಿ ಅದೇ ನೆರಳು ಬರಿಯ ಅಲಂಕಾರವಾಗಿ ಉಳಿಯುತ್ತದೆ.

ಚಳಿಗಾಲದ ಕೊನೆಯ ಬೆಳಕನ್ನೂ ಇಲ್ಲಿ ಹೇಳಬೇಕು. ಸ್ವಾಲ್ಬಾರ್ಡಿನ ಮುಖ್ಯ ಊರಾದ ಲಾಂಗ್‌ಇಯರ್‌ಬ್ಯೆನ್‌ನಲ್ಲಿ ಅಕ್ಟೋಬರ್ ಕೊನೆಯಲ್ಲಿ ಮರೆಯಾದ ಸೂರ್ಯ ಫೆಬ್ರವರಿ ನಡುವಿನಲ್ಲಿ ದಿಗಂತದ ಮೇಲೆ ಬರುತ್ತಾನೆ. ಆದರೆ ಸುತ್ತಲಿನ ಬೆಟ್ಟಗಳು ಅವನನ್ನು ತಡೆದುನಿಲ್ಲಿಸುತ್ತವೆ. ಹಳೆಯ ಆಸ್ಪತ್ರೆಯ ಮೆಟ್ಟಿಲುಗಳ ಮೇಲೆ ಮೊದಲ ಬಿಸಿಲು ಬೀಳುವುದು ಮಾರ್ಚ್ 8ರ ಹೊತ್ತಿಗೆ, ಊರಿನವರೆಲ್ಲ ಅಲ್ಲಿ ಸೇರಿ ಅದನ್ನು ಹಬ್ಬವಾಗಿ ಬರಮಾಡಿಕೊಳ್ಳುತ್ತಾರೆ. ಅದಕ್ಕೂ ಮುಂಚಿನ ವಾರಗಳಲ್ಲಿ ಇಡೀ ನಾಡು ನೀಲಿಯಲ್ಲಿ ಅದ್ದಿ ತೆಗೆದಂತಿದ್ದು, ಶಿಖರದ ತುದಿ ಮಾತ್ರ ಗುಲಾಬಿಯಾಗಿರುತ್ತದೆ. ಆ ನೀಲಿಯನ್ನು ‘ಸರಿಪಡಿಸಿ’ ಬೆಳ್ಳಗೆ ಮಾಡುವ ಚಿತ್ರಗಳನ್ನು ನೋಡಿದಾಗ ನನಗೆ ನೋವಾಗುತ್ತದೆ. ನೇರ ಬಿಸಿಲು ತಾಗದ ಹಿಮಕ್ಕೆ ಬೆಳಕು ಬರುವುದು ಆಕಾಶದಿಂದ ಮಾತ್ರ. ಆದ್ದರಿಂದ ಅಲ್ಲಿನ ನೆರಳು ನೀಲಿಯಾಗಿರುವುದೇ ಸತ್ಯ.

ಹಿಮ ಬೂದುಬಣ್ಣಕ್ಕೆ ತಿರುಗುವುದು ಎಲ್ಲ ಹೊಸಬರ ಚಿತ್ರಗಳಲ್ಲೂ ಕಾಣುವ ದೋಷ. ಕ್ಯಾಮೆರಾದ ಬೆಳಕಿನ ಮಾಪಕವು ತನ್ನ ಮುಂದಿರುವುದೆಲ್ಲ ಸರಾಸರಿಯಲ್ಲಿ ನಡುಬೂದು ಎಂದು ಭಾವಿಸಿ ಲೆಕ್ಕ ಹಾಕುತ್ತದೆ. ಹೊಸ ಹಿಮವೋ ತನ್ನ ಮೇಲೆ ಬಿದ್ದ ಬೆಳಕಿನ ನೂರಕ್ಕೆ ಎಂಬತ್ತಕ್ಕಿಂತ ಹೆಚ್ಚು ಭಾಗವನ್ನು ಹಿಂದಿರುಗಿಸುತ್ತದೆ. ಮಾಪಕ ಹೇಳಿದ್ದಕ್ಕಿಂತ ಒಂದರಿಂದ ಎರಡು ಸ್ಟಾಪ್‌ನಷ್ಟು (ಒಂದು ಸ್ಟಾಪ್ ಎಂದರೆ ಬೆಳಕು ಎರಡು ಪಟ್ಟಾಗುವುದು) ಹೆಚ್ಚು ಎಕ್ಸ್‌ಪೋಷರ್ ಕೊಟ್ಟರೆ ಹಿಮ ಬೆಳ್ಳಗಾಗುತ್ತದೆ. ಆದರೆ ಚಿತ್ರದ ಕತ್ತಲೆ-ಬೆಳಕುಗಳ ಹಂಚಿಕೆಯನ್ನು ತೋರಿಸುವ ಹಿಸ್ಟೋಗ್ರಾಂ ನಕ್ಷೆಯ ಬಲ ಅಂಚನ್ನು ಮುಟ್ಟಿಸಬಾರದು. ಮುಟ್ಟಿತೆಂದರೆ ಗಾಳಿ ಕೆತ್ತಿದ ಹಿಮದ ಗೆರೆಗಳೆಲ್ಲ ಅಳಿಸಿಹೋಗಿ ಬೆಟ್ಟದ ಬುಡ ಖಾಲಿ ಕಾಗದವಾಗುತ್ತದೆ. ಇನ್ನು, ಮೋಡ ತಗ್ಗಿ ಬಂದು ಹಿಮದ ನೆಲಕ್ಕೂ ಮೋಡಕ್ಕೂ ನಡುವೆ ಬೆಳಕು ಎಲ್ಲ ದಿಕ್ಕುಗಳಿಂದ ಒಂದೇ ಸಮನಾಗಿ ಚೆಲ್ಲಿದಾಗ ನೆರಳೆಂಬುದೇ ಉಳಿಯುವುದಿಲ್ಲ, ಕಾಲಡಿಯ ಹಳ್ಳವೂ ಕಾಣುವುದಿಲ್ಲ. ಆ ಹೊತ್ತಿನಲ್ಲಿ ಕ್ಯಾಮೆರಾವನ್ನು ಚೀಲಕ್ಕೆ ಹಾಕಿ ನಿಂತಲ್ಲೇ ನಿಲ್ಲುವುದು ಒಂದೇ ದಾರಿ.

ಚಳಿಯ ಬಗ್ಗೆ ಎಲ್ಲರೂ ಕೇಳುತ್ತಾರಾದ್ದರಿಂದ ಎರಡು ಮಾತು. ಬ್ಯಾಟರಿ ಚಳಿಯಲ್ಲಿ ಬೇಗ ಸೋಲುತ್ತದೆ. ಹೆಚ್ಚುವರಿ ಬ್ಯಾಟರಿಗಳನ್ನು ಒಳಅಂಗಿಯ ಜೇಬಿನಲ್ಲಿ ಮೈಗೆ ತಾಗುವಂತೆ ಇಟ್ಟುಕೊಂಡರೆ ಸೋತದ್ದು ಕೂಡ ಬೆಚ್ಚಗಾದ ಮೇಲೆ ಇನ್ನಷ್ಟು ಕೆಲಸ ಮಾಡುತ್ತದೆ. ಹೊರಗಿನ ಚಳಿಗಿಂತ ಹೆಚ್ಚು ಹಾನಿ ಮಾಡುವುದು ಒಳಗಿನ ಬಿಸಿ. ತಣ್ಣಗಾದ ಕ್ಯಾಮೆರಾವನ್ನು ಬೆಚ್ಚನೆಯ ಕೋಣೆಗೆ ತಂದೊಡನೆ, ಫ್ರಿಜ್ಜಿನಿಂದ ತೆಗೆದ ಚೊಂಬಿನ ಮೇಲೆ ಬೆವರು ಬರುವಂತೆ ಲೆನ್ಸಿನ ಒಳಗೂ ಹೊರಗೂ ನೀರು ಕಟ್ಟುತ್ತದೆ. ಬಾಗಿಲು ದಾಟುವ ಮುನ್ನವೇ ಅದನ್ನು ಗಾಳಿಯಾಡದ ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ, ಕೋಣೆಯ ಬಿಸಿಗೆ ಬರುವವರೆಗೆ ಬಿಚ್ಚದೆ ಇಡಬೇಕು.

ಈ ತೊಂದರೆಗಳನ್ನೆಲ್ಲ ಗಾಜಿನ ಫಲಕಗಳ ಮೇಲೆ ಚಿತ್ರ ತೆಗೆಯುತ್ತಿದ್ದ ಕಾಲದಲ್ಲಿ ಎದುರಿಸಿದ ಹರ್ಬರ್ಟ್ ಪಾಂಟಿಂಗ್ ಅವರನ್ನು ನಾನು ಈ ಕಲೆಯ ಗುರು ಎಂದೇ ಭಾವಿಸಿದ್ದೇನೆ. ಕ್ಯಾಪ್ಟನ್ ಸ್ಕಾಟ್ ಅವರ 1910ರ ದಕ್ಷಿಣಧ್ರುವ ಯಾತ್ರೆಯ ಛಾಯಾಗ್ರಾಹಕರಾಗಿ ಅವರು ರಾಸ್ ದ್ವೀಪದ ಕೇಪ್ ಇವಾನ್ಸ್‌ನ ಗುಡಿಸಿಲಿನಲ್ಲಿ ಚಿಕ್ಕದೊಂದು ಕತ್ತಲೆಕೋಣೆ ಕಟ್ಟಿಕೊಂಡು ಕೆಲಸ ಮಾಡಿದರು. ಅವರ ಎದುರಿಗೆ ಇದ್ದದ್ದು 3,794 ಮೀಟರ್ ಎತ್ತರದ, ನೆತ್ತಿಯಿಂದ ಸದಾ ಹೊಗೆಯುಗುಳುವ ಎರೆಬಸ್ ಜ್ವಾಲಾಮುಖಿ. ದುಂಡಗೆ, ಮೆಲ್ಲಗೆ ಮೇಲೇರುವ ಆ ಬೆಟ್ಟವನ್ನು ಬರಿದಾಗಿ ಚಿತ್ರಿಸಿದರೆ ಯಾವುದೋ ಮರಳುಗುಡ್ಡದಂತೆ ಕಂಡೀತು. ಪಾಂಟಿಂಗ್ ಮಾಡಿದ್ದು ಏನೆಂದರೆ, ಚೌಕಟ್ಟಿನ ಕೆಳ ಅಂಚಿನಲ್ಲಿ, ಮೊದಲ ನೋಟಕ್ಕೆ ಕಾಣದಷ್ಟು ಚಿಕ್ಕದಾಗಿ, ಒಬ್ಬ ಮನುಷ್ಯನನ್ನು ನಿಲ್ಲಿಸಿದರು. ನೋಡುವವನ ಕಣ್ಣು ಹಿಮದ ಗೋಡೆಯ ಮೇಲೆ ಅಲೆದಾಡಿ ಕೊನೆಗೆ ಆ ಕರಿಯ ಚುಕ್ಕೆಗೆ ಬಂದು, ಅದು ಆಳು ಎಂದು ತಿಳಿದ ಮರುಕ್ಷಣ ಇಡೀ ಬೆಟ್ಟ ತನ್ನ ನಿಜವಾದ ಗಾತ್ರಕ್ಕೆ ಬೆಳೆದು ನಿಲ್ಲುತ್ತದೆ. ಆ ಆಳನ್ನು ಎಲ್ಲಿ ನಿಲ್ಲಿಸಬೇಕು ಎಂಬುದರಲ್ಲಿ ಅವರ ಜಾಣ್ಮೆಯೆಲ್ಲ ಇದೆ. ಕ್ಯಾಮೆರಾದ ಹತ್ತಿರ ನಿಂತವನು ಬೆಟ್ಟಕ್ಕೆ ಅಳತೆ ಕೊಡಲಾರ. ಬೆಟ್ಟದ ಬುಡದ ದೂರಕ್ಕೇ ಅವನು ಹೋಗಬೇಕು, ಮತ್ತು ಅಷ್ಟು ದೂರದಲ್ಲೂ ಅವನ ಮೈಯ ರೇಖೆ ಬಿಳಿಯ ಮೇಲೆ ತುಂಡಾಗದೆ ಉಳಿಯಬೇಕು.

ಧ್ರುವದ ಕಡೆ ಹೊರಡಲಿದ್ದವರಿಗೆ ಕ್ಯಾಮೆರಾ ಹಿಡಿಯುವುದನ್ನು ಕಲಿಸಿದವರೂ ಪಾಂಟಿಂಗ್. ಅವರ ಶಿಷ್ಯರಾದ ಸ್ಕಾಟ್ 1911ರ ಡಿಸೆಂಬರ್‌ನಲ್ಲಿ ಬಿಯರ್ಡ್‌ಮೋರ್ ಹಿಮನದಿಯ ಅಕ್ಕಪಕ್ಕದ ಪರ್ವತಗಳನ್ನು ಚಿತ್ರಿಸಿದರು. ಸ್ಕಾಟ್ ಧ್ರುವದಿಂದ ಮರಳುವಾಗ ತೀರಿಕೊಂಡರೂ, ಅರ್ಧ ದಾರಿಯಿಂದ ಮರಳಿದ ತಂಡದವರ ಕೈಯಲ್ಲಿ ಕಳಿಸಿದ್ದರಿಂದ ಆ ಚಿತ್ರಗಳು ಉಳಿದವು. ಆ ಚಿತ್ರಗಳಲ್ಲಿ ಬೆಟ್ಟದ ಕೆಳಗೆ ಸ್ಲೆಡ್ಜ್ ಎಳೆಯುವ ಮನುಷ್ಯರ ಚಿಕ್ಕ ಸಾಲನ್ನು ಕಂಡಾಗ, ಗುರುವಿನ ಪಾಠ ಶಿಷ್ಯರ ಕೈಗೆ ಇಳಿದಿದೆ ಎಂದು ನನಗೆ ಅನ್ನಿಸುತ್ತದೆ.

ಅಳತೆ ತಪ್ಪಿದ ಚಿತ್ರ ಸುಳ್ಳಿಗೂ ಒದಗುತ್ತದೆ. ಬೆಲ್ಜಿಕಾ ಹಡಗಿನ ಯಾತ್ರೆಯಲ್ಲಿ ಅಂಟಾರ್ಕ್ಟಿಕದ ಮೊದಮೊದಲ ಛಾಯಾಚಿತ್ರಗಳನ್ನು ತೆಗೆದ ಫ್ರೆಡರಿಕ್ ಕುಕ್, 1906ರಲ್ಲಿ ಅಲಾಸ್ಕಾದ ಅತಿ ಎತ್ತರದ ಪರ್ವತವನ್ನು, ಡೆನಾಲಿ ಎಂದೂ ಮೆಕಿನ್ಲಿ ಎಂದೂ ಕರೆಯುವ 6,190 ಮೀಟರಿನ ಶಿಖರವನ್ನು, ಏರಿದ್ದಾಗಿ ಹೇಳಿ ತುದಿಯ ಬಂಡೆಯ ಮೇಲೆ ಬಾವುಟ ಹಿಡಿದ ಜೊತೆಗಾರನ ಚಿತ್ರವನ್ನು ಪ್ರಕಟಿಸಿದ. 1910ರಲ್ಲಿ ಬೆಲ್ಮೋರ್ ಬ್ರೌನ್ ಮತ್ತು ಹರ್ಶೆಲ್ ಪಾರ್ಕರ್ ಆ ಬಂಡೆಯನ್ನು ಹುಡುಕಿ ಕಂಡುಹಿಡಿದರು. ಅದು ನಿಜವಾದ ಶಿಖರದಿಂದ ಸುಮಾರು 30 ಕಿಲೋಮೀಟರ್ ದೂರದಲ್ಲಿದ್ದ, 1,600 ಮೀಟರಿನಷ್ಟೇ ಎತ್ತರದ ಒಂದು ಚಿಕ್ಕ ಕೋಡು. ಆ ಪರ್ವತ ಧ್ರುವವೃತ್ತದಿಂದ ಸ್ವಲ್ಪ ಕೆಳಗಿದೆಯಾದರೂ ಪಾಠ ನಮ್ಮ ವಿಷಯಕ್ಕೆ ಸೇರಿದ್ದೇ. ಬಂಡೆ, ಹಿಮ, ಮನುಷ್ಯ ಮೂರೂ ನಿಜ, ಚಿತ್ರವೂ ನಿಜ. ಸುತ್ತಲಿನ ನೆಲವನ್ನು ಚೌಕಟ್ಟಿನಿಂದ ಹೊರಗಿಟ್ಟದ್ದರಲ್ಲಿ ಮೋಸವಿತ್ತು. ಶ್ಯಾಕಲ್ಟನ್ ಅವರ ಎಂಡ್ಯೂರೆನ್ಸ್ ಹಡಗಿನ ಅಂಟಾರ್ಕ್ಟಿಕ ಯಾತ್ರೆಯ ಛಾಯಾಗ್ರಾಹಕ ಫ್ರಾಂಕ್ ಹರ್ಲಿ ಅವರ ಬಗ್ಗೆ ನನಗೆ ಬಹಳ ಗೌರವವಿದೆ. 1915ರಲ್ಲಿ ಮುರಿದ ಹಡಗಿನ ಮಂಜುನೀರಿಗಿಳಿದು ಫಲಕಗಳನ್ನು ಮೇಲೆತ್ತಿದವರು ಅವರು. ಸುಮಾರು 120ನ್ನು ಉಳಿಸಿಕೊಂಡು ಸುಮಾರು 400ನ್ನು ಸ್ವತಃ ಒಡೆದುಹಾಕಬೇಕಾಯಿತು. ಆದರೂ ಎಲಿಫೆಂಟ್ ದ್ವೀಪದಿಂದ ನೆರವು ತರಲು ದೋಣಿ ಹೊರಟ ದಿನದ ಚಿತ್ರವನ್ನು ತಿದ್ದಿ ರಕ್ಷಣೆಯ ದಿನದ ಚಿತ್ರವೆಂದು ಲೋಕಕ್ಕೆ ತೋರಿಸಿದ್ದನ್ನು ನಾನು ಒಪ್ಪಲಾರೆ.

ನಮ್ಮ ದೇಶಕ್ಕೆ ಹತ್ತಿರದ ಒಂದು ಉದಾಹರಣೆಯೂ ಇದೆ. ಅಂಟಾರ್ಕ್ಟಿಕದಲ್ಲಿ ಭಾರತದ ಮೈತ್ರಿ ಕೇಂದ್ರವಿರುವ ಶಿರ್ಮಾಕರ್ ಓಯಸಿಸ್ ಮತ್ತು ಅದರ ದಕ್ಷಿಣಕ್ಕೆ ಹಿಮಹಾಸನ್ನು ಸೀಳಿಕೊಂಡು ನಿಂತಿರುವ ವೋಲ್ಟಾಟ್ ಪರ್ವತಗಳಿಗೆ ಆ ಹೆಸರುಗಳು ಬಂದದ್ದು 1938–39ರ ಜರ್ಮನ್ ಯಾತ್ರೆಯಿಂದ. ಆಲ್ಫ್ರೆಡ್ ರಿಚರ್ ಅವರ ನೇತೃತ್ವದ ಆ ತಂಡ ಎರಡು ಜಲವಿಮಾನಗಳಿಂದ 11,000ಕ್ಕೂ ಹೆಚ್ಚು ಚಿತ್ರಗಳನ್ನು ತೆಗೆಯಿತು. ಆದರೆ ನೆಲದ ಮೇಲೆ ಜಾಗವನ್ನು ಖಚಿತವಾಗಿ ಅಳೆದು ಗುರುತಿಸಿದ ಬಿಂದುಗಳು ಅವರ ಬಳಿ ಇಲ್ಲದಿದ್ದುದರಿಂದ, ಅಷ್ಟೊಂದು ಚಿತ್ರಗಳಿಂದ ರಚಿಸಿದ ಭೂಪಟ ನಂಬುವಂತಾಗಲಿಲ್ಲ. ಆ ನಾಡಿನ ಪಶ್ಚಿಮ ಭಾಗದಲ್ಲಿ ನೆಲದ ಅಳತೆಯ ಕೆಲಸ 1949ರಿಂದ 1952ರವರೆಗೆ ನಾರ್ವೆ, ಬ್ರಿಟನ್, ಸ್ವೀಡನ್ ಒಟ್ಟಾಗಿ ನಡೆಸಿದ ಯಾತ್ರೆಗೆ ಕಾಯಬೇಕಾಯಿತು. ನಮ್ಮ ಭೂವಿಜ್ಞಾನಿಗಳು ಮುಂದೆ ಅದೇ ವೋಲ್ಟಾಟ್ ಬೆಟ್ಟಗಳ ಶಿಲೆಗಳನ್ನು ನಡೆದು ಗುರುತಿಸಿದ್ದಾರೆ.

ಇದಕ್ಕೆ ಎದುರಾದ ಉದಾಹರಣೆ ಸ್ವಾಲ್ಬಾರ್ಡಿನದು. 1936 ಮತ್ತು 1938ರಲ್ಲಿ ನಾರ್ವೆಯವರು ಭೂಪಟಕ್ಕಾಗಿ ವಿಮಾನದಿಂದ ಆ ಬೆಟ್ಟಗಳನ್ನು ಓರೆಯಾಗಿ, ಒಂದರ ಅಂಚನ್ನು ಇನ್ನೊಂದು ಮುಚ್ಚುವಂತೆ ಕ್ರಮವಾಗಿ ಚಿತ್ರಿಸಿ ಜೋಪಾನವಾಗಿಟ್ಟಿದ್ದರು. ಸುಮಾರು 5,500 ಆ ಚಿತ್ರಗಳಿಂದ, 2022ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ, 1,500ಕ್ಕೂ ಹೆಚ್ಚು ಹಿಮನದಿಗಳ ಅಂದಿನ ಮೇಲ್ಮೈಯನ್ನು ಕಂಪ್ಯೂಟರಿನಲ್ಲಿ ಮತ್ತೆ ಕಟ್ಟಿ, ಅಲ್ಲಿಂದೀಚೆಗೆ ಎಷ್ಟು ಹಿಮ ಕರಗಿದೆ ಎಂಬುದನ್ನು ಲೆಕ್ಕ ಹಾಕಿದರು. ಹಿಮ ಬದಲಾಗುತ್ತದೆ, ಬಂಡೆ ಬದಲಾಗುವುದಿಲ್ಲ. ಹಳೆಯ ಚಿತ್ರಕ್ಕೂ ಹೊಸದಕ್ಕೂ ಗಂಟು ಹಾಕುವ ಗೂಟ ಶಿಖರವೇ. 1596ರಲ್ಲಿ ವಿಲ್ಲೆಮ್ ಬಾರೆಂಟ್ಸ್ ಈ ನಾಡಿಗೆ ಸ್ಪಿಟ್ಸ್‌ಬರ್ಗೆನ್, ಅಂದರೆ ಚೂಪುಬೆಟ್ಟಗಳು ಎಂದು ಹೆಸರಿಟ್ಟಾಗ ಕಂಡ ತುದಿಗಳೇ ಇಂದೂ ಅಲ್ಲಿ ನಿಂತಿವೆ. ಅವುಗಳ ಕಾಲಬುಡ ಮಾತ್ರ ಬೇರೆಯಾಗಿದೆ. ಕೊಂಗ್ಸ್‌ಫ್ಯೋರ್ಡ್ ಎಂಬ, ಬೆಟ್ಟಗಳ ನಡುವೆ ನುಗ್ಗಿದ ಕಡಲ ಕವಲಿನ ದಡದ ಬ್ಲೂಮ್‌ಸ್ಟ್ರಾಂಡ್ ಎಂಬ ನೆಲವನ್ನು ಎಲ್ಲರೂ ಪರ್ಯಾಯದ್ವೀಪ ಎಂದೇ ತಿಳಿದಿದ್ದರು. ಹಿಮನದಿ ಹಿಂದೆ ಸರಿದು 1990ರ ದಶಕದಲ್ಲಿ ನಡುವೆ ಸಮುದ್ರ ಕಾಣಿಸಿಕೊಂಡಾಗಲೇ ಅದು ದ್ವೀಪವೆಂದು ತಿಳಿದುಬಂದದ್ದು.

ಅದೇ ಫ್ಯೋರ್ಡಿನ ದಡದಲ್ಲಿ ನ್ಯೂ-ಓಲೆಸುಂಡ್ ಎಂಬ ಸಂಶೋಧಕರ ಊರಿದೆ. ಭಾರತದ ಹಿಮಾದ್ರಿ ಕೇಂದ್ರ 2008ರಿಂದ ಕೆಲಸ ಮಾಡುತ್ತಿರುವುದು ಅಲ್ಲಿಯೇ. ಆಕಾಶದ ಸೂಕ್ಷ್ಮ ರೇಡಿಯೋ ಅಲೆಗಳನ್ನು ಆಲಿಸುವ ಉಪಕರಣಗಳಿರುವುದರಿಂದ ಅದರ ಸುತ್ತ 20 ಕಿಲೋಮೀಟರ್ ವ್ಯಾಪ್ತಿಯಲ್ಲಿ ವೈ-ಫೈ, ಬ್ಲೂಟೂತ್ ಎಲ್ಲವನ್ನೂ ಆರಿಸಬೇಕು. ಕ್ಯಾಮೆರಾ ಫೋನಿನೊಂದಿಗೆ ಮಾತಾಡಿ ಜಾಗವನ್ನು ತಾನೇ ಬರೆದುಕೊಳ್ಳುವ ಅನುಕೂಲ ಅಲ್ಲಿ ಇಲ್ಲ. ಹಾಗಾಗಿ ನಾನು ಒಂದು ಚಿಕ್ಕ ಪುಸ್ತಕ ಮತ್ತು ಸೀಸದ ಕಡ್ಡಿ ಇಟ್ಟುಕೊಂಡಿದ್ದೆ. ಚಳಿಗೆ ಪೆನ್ನಿನ ಶಾಯಿ ಇಳಿಯುವುದಿಲ್ಲ. ಪ್ರತಿ ಚಿತ್ರಕ್ಕೂ ನಿಂತ ಜಾಗ, ದಿಕ್ಕು, ಗ್ರೀನಿಚ್ ಗಂಟೆ, ಲೆನ್ಸಿನ ನಾಭಿದೂರ, ಬೆಟ್ಟದ ಹೆಸರು ಇಷ್ಟನ್ನು ಬರೆಯುತ್ತಿದ್ದೆ. ಕೈಗವಸು ಕಳಚಿ ಬರೆಯಲು ಬೇಕಾಗುವ ಆ ಅರ್ಧ ನಿಮಿಷ ಬೆರಳಿಗೆ ಕಠಿಣವೇ. ಆದರೂ ಬರೆಯದ ಚಿತ್ರವನ್ನು ನಾನು ಈಗ ಯಾರಿಗೂ ತೋರಿಸುವುದಿಲ್ಲ.

ಕೊನೆಯ ಚಿತ್ರವೂ ಮೊದಲಿನ ಮೂರು ಬೆಟ್ಟಗಳದ್ದೇ. ಆ ರಾತ್ರಿ ಇದೇ ಬೆಟ್ಟಗಳ ಹಳೆಯ ಛಾಯಾಚಿತ್ರವೊಂದರ ಪ್ರತಿ ನನ್ನ ಕೈಯಲ್ಲಿತ್ತು. ಅಂದಿನ ಛಾಯಾಗ್ರಾಹಕ ನಿಂತ ಜಾಗವನ್ನು ಕಂಡುಹಿಡಿಯುವ ಉಪಾಯ ಸರಳವಾದದ್ದು: ಹತ್ತಿರದ ಏಣಿನ ತುದಿ ದೂರದ ಶಿಖರವನ್ನು ಎಲ್ಲಿ ಕತ್ತರಿಸುತ್ತದೆಯೋ, ಪ್ರತಿಯಲ್ಲೂ ಕಣ್ಣಮುಂದೆಯೂ ಆ ಬಿಂದು ಒಂದೇ ಆಗುವವರೆಗೆ ಎಡಕ್ಕೂ ಬಲಕ್ಕೂ ಸರಿಯುತ್ತ ಹೋಗಬೇಕು. ಒಂದೂವರೆ ಗಂಟೆ ಹಿಡಿಯಿತು. ಕೊನೆಗೆ ಸ್ವೆಯಾ, ನೂರಾ, ದಾನಾ ಮೂರೂ ಕಾಗದದ ಮೇಲಿನ ಗೆರೆಗಳ ಮೇಲೆ ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲದೆ ಬಂದು ಕುಳಿತವು. ಕಾಗದದಲ್ಲಿ ಅವುಗಳ ಕೆಳಗೆ ಹಿಮನದಿಯ ಗೋಡೆಯಿತ್ತು; ನನ್ನ ಕ್ಯಾಮೆರಾದಲ್ಲಿ ಅದೇ ಜಾಗದಲ್ಲಿ ಕಡಲಿತ್ತು, ಅದರಲ್ಲಿ ಮೂರು ಬೆಟ್ಟಗಳ ಪ್ರತಿಬಿಂಬವಿತ್ತು. ಪುಸ್ತಕದಲ್ಲಿ ಗಂಟೆಯನ್ನೂ ದಿಕ್ಕನ್ನೂ ಬರೆದು, ನಿಂತ ಜಾಗಕ್ಕೆ ಗುರುತಾಗಿ ಪಕ್ಕದ ಬಂಡೆಯ ಚಿತ್ರವೊಂದನ್ನು ತೆಗೆದುಕೊಂಡು, ನಾನು ಊರಿನ ಕಡೆಗೆ ಹಿಂದಿರುಗಿದೆ.